ಅನ್ಯಜನರ ಅಪೊಸ್ತಲನಾದ ಪೌಲ

ಯೇಸುಕ್ರಿಸ್ತನು ಯೆಹೂದ್ಯನು, ಅವನ ಹನ್ನೆರಡು ಮಂದಿ ಶಿಷ್ಯರೂ ಯೆಹೂದ್ಯರು. ಅವನ ಮರಣಾನಂತರ ಯೆರೂಸಲೇಮಿನಲ್ಲಿ ಒಟ್ಟುಗೂಡಿದ ಭಕ್ತಸಮುದಾಯವೂ ಯೆಹೂದ್ಯರದೇ ಆಗಿದ್ದಿತು. ಅವರು ದಿನವೂ ಅಲ್ಲಿನ ಮಹಾದೇವಾಲಯಕ್ಕೆ ಹೋಗುತ್ತಿದ್ದರು. ಸಬ್ಬತ್ ದಿನವನ್ನು ಆಚರಿಸುತ್ತಿದ್ದರು. ಮೋಶೆಯ ಧರ್ಮಶಾಸ್ತ್ರವು ನಿಷೇಧಿಸಿದ ಆಹಾರವನ್ನು ಮುಟ್ಟುತ್ತಿರಲಿಲ್ಲ. ತಾವೊಂದು ಹೊಸ ಮತವನ್ನು ಸ್ಥಾಪಿಸುತ್ತಿದ್ದೇವೆಂಬ ಭಾವನೆಯು ಅವರಲ್ಲಿ ಯಾರಿಗೂ ಇದ್ದಂತೆ ತೋರುವುದಿಲ್ಲ. ಇಂತಹ ಒಂದು ಚಿಕ್ಕ ಪಂಗಡದ ಸಂದೇಶವು ಮೂವತ್ತು ವರ್ಷಗಳೊಳಗಾಗಿ ಸಿರಿಯ, ಏಷ್ಯಾ ಮೈನರ್, ಗ್ರೀಸ್ ದೇಶಗಳನ್ನು ಹಾದು ರೋಮಾಪುರವನ್ನು ಮುಟ್ಟಿತು. ಗ್ರೀಕರು, ಗಲಾತ್ಯರು, ರೋಮನರು, ವರ್ತಕರು, ದಾಸರು, ದಾಸಿಯರು ಎಲ್ಲರೂ ಅದನ್ನು ತಮ್ಮದೆಂದು ಕರೆದುಕೊಂಡರು. ಈ ಕಾರ್ಯದಲ್ಲಿ ಹೆಸರು ಉಳಿಯದ ಎಷ್ಟೋ ಜನರ ಶ್ರಮವಿದೆ. ಆದರೆ ಯೆಹೂದ್ಯನಲ್ಲದವನು ಮೊದಲು ಯೆಹೂದ್ಯನಾಗದೆಯೇ ದೇವರ ಜನರಲ್ಲಿ ಸೇರಬಹುದೇ ಎಂಬ ಪ್ರಶ್ನೆಯನ್ನು ಮರೆಮಾಚದೆ ಎತ್ತಿ, ಹಿರಿಯರ ಮುಂದೆ ವಾದಿಸಿ, ಅದಕ್ಕಾಗಿ ಸ್ನೇಹಗಳನ್ನೂ ಕಡೆಗೆ ಪ್ರಾಣವನ್ನೂ ಕಳೆದುಕೊಂಡವನು ತಾರ್ಸದ ಪೌಲನು.

ಇವನ ಜೀವನಕ್ಕೆ ನಮಗಿರುವ ಆಧಾರಗಳು ಎರಡು. ಮೊದಲನೆಯದು ಅವನೇ ಬರೆದ ಪತ್ರಗಳು. ಹೊಸ ಒಡಂಬಡಿಕೆಯ ಇಪ್ಪತ್ತೇಳು ಗ್ರಂಥಗಳಲ್ಲಿ ಹದಿಮೂರು ಪೌಲನ ಹೆಸರನ್ನು ಹೊತ್ತಿದ್ದು, ಅವುಗಳ ಪೈಕಿ ಏಳು ನಿಸ್ಸಂದೇಹವಾಗಿ ಅವನವೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಎರಡನೆಯದು ಅಪೊಸ್ತಲರ ಕೃತ್ಯಗಳೆಂಬ ಗ್ರಂಥ; ಇದನ್ನು ಲೂಕನು ಬರೆದನೆಂದು ಸಂಪ್ರದಾಯವು ಹೇಳುತ್ತದೆ. ಇವೆರಡೂ ಎಲ್ಲ ಕಡೆಯಲ್ಲಿಯೂ ಹೊಂದುವುದಿಲ್ಲ. ಹೊಂದದ ಕಡೆಯಲ್ಲಿ ಪತ್ರಗಳನ್ನೇ ನಂಬುವುದು ನ್ಯಾಯವೆಂದು ನಮಗೆ ತೋರುತ್ತದೆ. ಕೃತ್ಯಗಳ ಲೇಖಕನು ಹಳೆಯ ಜಗಳಗಳ ಮೇಲೆ ತುಸು ಎಣ್ಣೆ ಸವರಿದ್ದಾನೆ, ಪೌಲನಾದರೋ ಗಾಯವು ಹಸಿಯಾಗಿರುವಾಗಲೇ ಲೇಖನಿಯನ್ನು ಹಿಡಿದವನು.

ತಾರ್ಸವು ಇಂದಿನ ತುರ್ಕಿ ದೇಶದ ದಕ್ಷಿಣ ಭಾಗದಲ್ಲಿರುವ, ಅಂದು ಕಿಲಿಕ್ಯವೆಂದು ಕರೆಯಲ್ಪಡುತ್ತಿದ್ದ ಪ್ರಾಂತದ ಮುಖ್ಯ ಪಟ್ಟಣ. ಗ್ರೀಕ್ ವಿದ್ಯೆಗೆ ಹೆಸರಾದ ಊರು. ಅಲ್ಲಿ ಕ್ರಿಸ್ತಶಕದ ಆರಂಭಕಾಲದಲ್ಲಿ ಬೆನ್ಯಾಮೀನ ಕುಲದ ಒಂದು ಯೆಹೂದ್ಯ ಮನೆತನದಲ್ಲಿ ಇವನು ಹುಟ್ಟಿದನು. ತಮ್ಮ ಕುಲದ ಪ್ರಾಚೀನ ರಾಜನ ಹೆಸರನ್ನೇ ಮಗುವಿಗಿಟ್ಟು ಸೌಲನೆಂದು ಕರೆದರು. ಪೌಲನೆಂಬುದು ಅವನ ರೋಮನ್ ಹೆಸರು. ಕ್ರಿಸ್ತಭಕ್ತನಾದಾಗ ಹೆಸರನ್ನು ಬದಲಿಸಿಕೊಂಡನೆಂಬ ಜನಪ್ರಿಯ ಮಾತಿಗೆ ಆಧಾರವಿಲ್ಲ. ಮನೆಯಲ್ಲೊಂದು, ಬೀದಿಯಲ್ಲೊಂದು ಎಂದು ಎರಡು ಹೆಸರು, ಎರಡು ಭಾಷೆ ಇಟ್ಟುಕೊಂಡು ಬಾಳುವುದು ಹೊರನಾಡಿನಲ್ಲಿ ನೆಲಸಿದವರಿಗೆಲ್ಲ ಸಹಜವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಅವನು ಹುಟ್ಟಿನಿಂದಲೇ ರೋಮನ್ ಪೌರನಾಗಿದ್ದನೆಂದು ಕೃತ್ಯಗಳ ಗ್ರಂಥವು ಹೇಳುತ್ತದೆ. ಅವನ ಕಸಬು ಡೇರೆ ಹೊಲಿಯುವುದು.

ಪರದೇಶದಲ್ಲಿ ಬೆಳೆದವರಲ್ಲಿ ಕೆಲವರು ಹಿರಿಯರ ಆಚಾರವನ್ನು ಸಡಿಲಿಸುತ್ತಾರೆ. ಕೆಲವರು ತಾಯ್ನಾಡಿನವರಿಗಿಂತಲೂ ಬಿಗಿಯಾಗಿ ಹಿಡಿಯುತ್ತಾರೆ. ಸೌಲನು ಎರಡನೆಯ ಗುಂಪಿನವನು. ಅವನು ಧರ್ಮಶಾಸ್ತ್ರದ ಸೂಕ್ಷ್ಮಾತಿಸೂಕ್ಷ್ಮ ಆಚರಣೆಯಲ್ಲಿ ನಿಷ್ಠರಾದ ಫರಿಸಾಯರ ಪಂಥವನ್ನು ಸೇರಿದನು. ಯೆರೂಸಲೇಮಿನಲ್ಲಿ ಗಮಲಿಯೇಲನೆಂಬ ಹೆಸರಾಂತ ಗುರುವಿನ ಬಳಿ ಕಲಿತನೆಂದು ಕೃತ್ಯಗಳಲ್ಲಿ ಹೇಳಿದೆ. ತನ್ನ ಸಮವಯಸ್ಕರಲ್ಲಿ ಪಿತೃಸಂಪ್ರದಾಯದ ವಿಷಯವಾಗಿ ತನ್ನಷ್ಟು ಆಸಕ್ತನು ಇನ್ನೊಬ್ಬನಿರಲಿಲ್ಲವೆಂಬ ಅಭಿಮಾನವು ಅವನ ಮುಪ್ಪಿನ ಬರವಣಿಗೆಯಲ್ಲಿಯೂ ಇಣುಕುತ್ತದೆ. ಯೇಸುವಿನ ಅನುಯಾಯಿಗಳು ಅವನ ಕಣ್ಣಿಗೆ ಜನಾಂಗದ ಶುದ್ಧಿಯನ್ನು ಕೆಡಿಸುವವರಾಗಿ ಕಂಡರು. ಶಿಲುಬೆಗೇರಿ ಶಾಪಗ್ರಸ್ತನಾಗಿ ಸತ್ತವನೊಬ್ಬನು ದೇವರ ಅಭಿಷಿಕ್ತನಾಗಿರುವುದು ಹೇಗೆ? ಸ್ತೆಫನನೆಂಬ ಭಕ್ತನನ್ನು ಜನರು ಊರ ಹೊರಗೆ ಎಳೆದು ಕಲ್ಲೆಸೆದು ಕೊಂದಾಗ, ಸಾಕ್ಷಿಗಳು ತಮ್ಮ ಮೇಲಂಗಿಗಳನ್ನು ಕಳಚಿ ಇಟ್ಟದ್ದು ಸೌಲನೆಂಬ ಯುವಕನ ಪಾದಗಳ ಬಳಿ. ಆ ಬಳಿಕ ಅವನು ತಾನೇ ಮುಂದಾಗಿ ಮನೆಮನೆಗಳಿಗೆ ನುಗ್ಗಿ ಹೆಂಗಸರು ಗಂಡಸರೆನ್ನದೆ ಎಳೆದು ಸೆರೆಮನೆಗೆ ಹಾಕಿಸಿದನು.

ಕ್ರಿ. ಶ. 33ರಿಂದ 36ರೊಳಗೆ, ಇದೇ ಕಾರ್ಯಕ್ಕಾಗಿ ದಮಸ್ಕಕ್ಕೆ ಹೋಗುತ್ತಿದ್ದ ದಾರಿಯಲ್ಲಿ ಅವನಿಗೆ ಒಂದು ದರ್ಶನವಾಯಿತು. ಕೃತ್ಯಗಳಲ್ಲಿ ಬೆಳಕು, ವಾಣಿ, ಮೂರು ದಿನಗಳ ಕುರುಡು, ಅನನೀಯನ ಹಸ್ತಸ್ಪರ್ಶದಿಂದ ಮರಳಿದ ದೃಷ್ಟಿ, ಎಲ್ಲವೂ ವಿಸ್ತಾರವಾಗಿ ವರ್ಣಿತವಾಗಿವೆ. ಪೌಲನು ಸ್ವತಃ ಹೇಳುವುದು ಎರಡೇ ಮಾತಿನಷ್ಟು: ದೇವರು ತನ್ನ ಮಗನನ್ನು ತನಗೆ ಪ್ರಕಟಿಸಿದನೆಂದೂ, ಅನ್ಯಜನರಲ್ಲಿ ಅವನನ್ನು ಸಾರುವುದೇ ಅದರ ಉದ್ದೇಶವಾಗಿತ್ತೆಂದೂ. ಈ ಎರಡನೆಯ ಅಂಶವನ್ನು ಗಮನಿಸಬೇಕು. ಅವನ ಮಟ್ಟಿಗೆ ದರ್ಶನವೂ ಅನ್ಯಜನರ ಬಳಿಗೆ ಹೋಗಬೇಕೆಂಬ ಅಪ್ಪಣೆಯೂ ಬೇರೆ ಬೇರೆಯಲ್ಲ. ಕನ್ನಡ ಬೈಬಲ್ಲಿನಲ್ಲಿ ಅನ್ಯಜನರು ಎಂದು ಬರುವ ಶಬ್ದಕ್ಕೆ ಮೂಲ ಗ್ರೀಕಿನಲ್ಲಿ ಜನಾಂಗಗಳು ಎಂದಷ್ಟೇ ಅರ್ಥ. ಇಸ್ರಾಯೇಲೊಂದನ್ನು ಬಿಟ್ಟು ಉಳಿದ ಲೋಕವೆಲ್ಲ ಆ ಒಂದು ಪದದಲ್ಲಿ ಅಡಗಿತ್ತು. ಇಸ್ರಾಯೇಲಿನ ಪ್ರಾಚೀನ ಪ್ರವಾದಿಗಳು ಕಡೆಯ ಕಾಲದಲ್ಲಿ ಸಕಲ ಜನಾಂಗಗಳೂ ಚೀಯೋನಿಗೆ ಬಂದು ಒಬ್ಬ ದೇವರನ್ನು ಆರಾಧಿಸುವರೆಂದು ನುಡಿದಿದ್ದರು. ಆ ಕಡೆಯ ಕಾಲವು ಬಂದೇಬಿಟ್ಟಿತೆಂಬುದು ಪೌಲನ ನಂಬಿಕೆ.

ಅವನು ಕೂಡಲೇ ಯೆರೂಸಲೇಮಿಗೆ ಓಡಿ ಹಿರಿಯರ ಅನುಮತಿಯನ್ನು ಬೇಡಲಿಲ್ಲ. ಅರಬಸ್ಥಾನಕ್ಕೆ, ಎಂದರೆ ದಮಸ್ಕದ ದಕ್ಷಿಣಕ್ಕಿದ್ದ ನಬತೀಯರ ರಾಜ್ಯಕ್ಕೆ ಹೋಗಿ ಪುನಃ ದಮಸ್ಕಕ್ಕೆ ಬಂದನು. ಅಲ್ಲಿ ನಬತೀಯರ ಅರಸನಾದ ಅರೇತನ ಅಧಿಕಾರಿಯು ಇವನನ್ನು ಹಿಡಿಯಲು ಪಟ್ಟಣಕ್ಕೆ ಕಾವಲಿರಿಸಿದಾಗ, ಗೋಡೆಯ ಕಿಟಕಿಯಿಂದ ಬುಟ್ಟಿಯೊಂದರಲ್ಲಿ ಕುಳಿತು ಇಳಿದು ಪಾರಾದನು. ಮೂರು ವರ್ಷಗಳ ಮೇಲೆ ಯೆರೂಸಲೇಮಿಗೆ ಹೋಗಿ ಪೇತ್ರನ ಬಳಿ ಹದಿನೈದು ದಿನ ಇದ್ದು, ಯೇಸುವಿನ ಸಹೋದರನಾದ ಯಾಕೋಬನನ್ನು ಕಂಡು, ತನ್ನ ಹುಟ್ಟೂರಿನ ಕಡೆಗೆ ಹೊರಟುಹೋದನು. ಮುಂದಿನ ಹಲವು ವರ್ಷಗಳ ವಿಷಯವಾಗಿ ಗ್ರಂಥಗಳು ಮೌನವಾಗಿವೆ.

ಆ ಮೌನದಿಂದ ಅವನನ್ನು ಹೊರತಂದವನು ಬಾರ್ನಬನು. ಕುಪ್ರ ದ್ವೀಪದ ಈ ಉದಾರಿಯು ತಾರ್ಸಕ್ಕೆ ಹೋಗಿ ಪೌಲನನ್ನು ಹುಡುಕಿ ಸಿರಿಯದ ಅಂತಿಯೋಕ್ಯಕ್ಕೆ ಕರೆತಂದನು. ರೋಮ್ ಮತ್ತು ಅಲೆಕ್ಸಾಂಡ್ರಿಯಗಳ ತರುವಾಯ ಸಾಮ್ರಾಜ್ಯದಲ್ಲಿ ಮೂರನೆಯದೆನಿಸಿದ ನಗರವದು. ಇಂದು ತುರ್ಕಿಯ ಅಂತಾಕ್ಯ ಎಂಬ ಹೆಸರಿನಿಂದಿರುವ ಅದು 2023ರ ಫೆಬ್ರವರಿಯ ಭೂಕಂಪದಲ್ಲಿ ಬಹುಮಟ್ಟಿಗೆ ನೆಲಸಮವಾದುದು ವಾಚಕರ ನೆನಪಿನಲ್ಲಿರಬಹುದು. ಕ್ರಿಸ್ತಭಕ್ತರಿಗೆ ಕ್ರೈಸ್ತರೆಂಬ ಹೆಸರು ಮೊಟ್ಟಮೊದಲು ಬಂದುದು ಈ ಊರಿನಲ್ಲಿ. ಯೆಹೂದ್ಯರೂ ಗ್ರೀಕರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದ ಸಭೆಯು ಬೆಳೆದುದೂ ಇಲ್ಲಿಯೇ.

ಈ ಗ್ರೀಕರು ಎಲ್ಲಿಂದ ಬಂದರೆಂಬುದನ್ನು ಇಲ್ಲಿ ಹೇಳಬೇಕು. ಯೆಹೂದ್ಯರು ಚದರಿ ನೆಲಸಿದ ಊರುಗಳಲ್ಲೆಲ್ಲ ಅವರದೊಂದು ಸಭಾಮಂದಿರವಿರುತ್ತಿತ್ತು. ಅಲ್ಲಿ ಬಲಿಯಿಲ್ಲ, ವಿಗ್ರಹವಿಲ್ಲ. ಶಾಸ್ತ್ರಪಠನ, ಪ್ರಾರ್ಥನೆ, ಉಪದೇಶಗಳು ಮಾತ್ರ. (ಮುಂಬಯಿಯಲ್ಲಿ ಬೆನೆ ಇಸ್ರೇಲ್ ಜನರು 1796ರಲ್ಲಿ ಕಟ್ಟಿದ ಶಾರ್ ಹರಹಮೀಮ್ ಮಂದಿರವನ್ನು ಕಂಡವರಿಗೆ ಇದರ ಕಲ್ಪನೆಯಾದೀತು.) ಒಬ್ಬನೇ ದೇವರು, ಶುದ್ಧವಾದ ನಡತೆ ಎಂಬ ಉಪದೇಶಕ್ಕೆ ಮನಸೋತು ಅನೇಕ ಗ್ರೀಕ್ ಸ್ತ್ರೀಪುರುಷರು ಸಬ್ಬತ್ ದಿನಗಳಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದರು. ಇವರಿಗೆ ದೇವಭಕ್ತರೆಂದು ಹೆಸರು. 1976ರಲ್ಲಿ ತುರ್ಕಿಯ ಅಫ್ರೊಡಿಸಿಯಾಸ್ ಎಂಬಲ್ಲಿ ದೊರೆತ, ಪೌಲನಿಗಿಂತ ಶತಮಾನಗಳಷ್ಟು ಈಚಿನದಾದ ಶಿಲಾಶಾಸನವೊಂದು ಯೆಹೂದ್ಯರ ಹೆಸರುಗಳ ಸಂಗಡ ಐವತ್ತಕ್ಕೂ ಹೆಚ್ಚು ಮಂದಿ ಇಂತಹ ದೇವಭಕ್ತರ ಹೆಸರುಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಿದೆ. ಅವರ ಸ್ಥಿತಿಯು ವಿಚಿತ್ರವಾದುದು. ಅವರಿಗೆ ಸ್ವಾಗತವಿತ್ತು, ಸಮಾನತೆಯಿರಲಿಲ್ಲ. ಪೂರ್ಣ ಸದಸ್ಯತ್ವ ಬೇಕೆಂದರೆ ಗಂಡಸರು ಸುನ್ನತಿ ಮಾಡಿಸಿಕೊಳ್ಳಬೇಕು, ಇಡೀ ಧರ್ಮಶಾಸ್ತ್ರವನ್ನು ಹೊರಬೇಕು, ಹುಟ್ಟಿದ ಜನಾಂಗವನ್ನು ತೊರೆದು ಇನ್ನೊಂದು ಜನಾಂಗವನ್ನು ಸೇರಬೇಕು. ಮಂದಿರದ ಬಾಗಿಲವರೆಗೆ ಬಂದು ಹೊಸ್ತಿಲಲ್ಲೇ ವರ್ಷಾನುಗಟ್ಟಲೆ ನಿಂತಿದ್ದ ಇಂತಹವರಿಗೆ ಪೌಲನ ಮಾತು ಹೇಗೆ ಕೇಳಿಸಿರಬಹುದೆಂಬುದನ್ನು ಊಹಿಸಬಹುದು. ಕ್ರಿಸ್ತನಲ್ಲಿ ನಂಬಿಕೆಯಿಟ್ಟು ದೀಕ್ಷಾಸ್ನಾನ ಹೊಂದಿದರೆ ಸಾಕು. ಅವರು ಗ್ರೀಕರಾಗಿದ್ದುಕೊಂಡೇ ಅಬ್ರಹಾಮನ ಮಕ್ಕಳು.

ಅಂತಿಯೋಕ್ಯದ ಸಭೆಯು ಬಾರ್ನಬ ಮತ್ತು ಪೌಲರನ್ನು ಕುಪ್ರಕ್ಕೂ, ಅಲ್ಲಿಂದ ಏಷ್ಯಾ ಮೈನರಿನ ಒಳನಾಡಿಗೂ ಕಳುಹಿಸಿತು. ಪಿಸಿದ್ಯ ಸೀಮೆಯ ಇನ್ನೊಂದು ಅಂತಿಯೋಕ್ಯ, ಇಕೋನ್ಯ, ಲುಸ್ತ್ರ, ದೆರ್ಬೆಗಳಲ್ಲಿ ಸಭೆಗಳಾದವು. ಲುಸ್ತ್ರದಲ್ಲಿ ನಡೆದುದು ಒಂದು ಬಗೆಯ ವಿನೋದವೇ. ಹುಟ್ಟುಕುಂಟನೊಬ್ಬನು ಎದ್ದು ನಡೆದುದನ್ನು ಕಂಡ ಜನರು ಬಾರ್ನಬನನ್ನು ಜ್ಯೂಸ್ ದೇವನೆಂದೂ, ಮಾತುಗಾರನಾದ ಪೌಲನನ್ನು ಹರ್ಮಿಸ್ ದೇವನೆಂದೂ ಭ್ರಮಿಸಿ ಎತ್ತುಗಳನ್ನೂ ಹೂಮಾಲೆಗಳನ್ನೂ ತಂದು ಬಲಿಯರ್ಪಿಸಲು ಸಿದ್ಧರಾದರು. ಅವರನ್ನು ತಡೆಯುವಷ್ಟರಲ್ಲಿ ಇಬ್ಬರಿಗೂ ಸಾಕುಬೇಕಾಯಿತು. ಅದೇ ಜನರು ಬಳಿಕ, ಬೇರೆ ಊರುಗಳಿಂದ ಬಂದ ವಿರೋಧಿಗಳ ಮಾತು ಕೇಳಿ, ಪೌಲನನ್ನು ಕಲ್ಲೆಸೆದು, ಸತ್ತನೆಂದು ಭಾವಿಸಿ ಊರ ಹೊರಗೆ ಎಳೆದು ಹಾಕಿದರು. ಅವನು ಎದ್ದು ಪುನಃ ಊರೊಳಕ್ಕೆ ಹೋದನು.

ಹೀಗೆ ಸುನ್ನತಿಯಿಲ್ಲದ ಭಕ್ತರ ಸಂಖ್ಯೆಯು ಬೆಳೆದಂತೆ ಯೆರೂಸಲೇಮಿನಲ್ಲಿ ಕಳವಳವೂ ಬೆಳೆಯಿತು. ಈ ಕಳವಳವನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ಅನ್ಯಾಯ. ಕ್ರಿಸ್ತಪೂರ್ವ 167ರ ಸುಮಾರಿಗೆ ಇದೇ ಸಿರಿಯದ ಅಂತಿಯೋಕ್ಯವನ್ನು ರಾಜಧಾನಿಯಾಗಿಸಿಕೊಂಡು ಆಳುತ್ತಿದ್ದ ನಾಲ್ಕನೆಯ ಅಂತಿಯೋಕನು ಸುನ್ನತಿಯನ್ನು ನಿಷೇಧಿಸಿ, ಯೆಹೂದ್ಯರು ಹಂದಿಯ ಮಾಂಸವನ್ನು ತಿನ್ನಬೇಕೆಂದು ಬಲಾತ್ಕರಿಸಿದ್ದನು. ಮಕ್ಕಳಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನು ಆ ಕೂಸುಗಳ ಸಮೇತ ಕೊಂದ ಕಾಲವದು. ಯಾವ ಆಚಾರಕ್ಕಾಗಿ ತಮ್ಮ ಪೂರ್ವಿಕರು ಪ್ರಾಣ ಕೊಟ್ಟರೋ ಆ ಆಚಾರವು ಇನ್ನು ಬೇಡವೆಂದು ಒಬ್ಬ ಫರಿಸಾಯನೇ ಹೊರಗಿನವರಿಗೆ ಹೇಳಿಕೊಂಡು ತಿರುಗುತ್ತಿದ್ದಾನೆಂಬ ಸುದ್ದಿ ಕೇಳಿದವರ ಎದೆಯಲ್ಲಿ ಏನಾಗಿರಬೇಕು! ರೋಮನರ ಆಳಿಕೆಯಲ್ಲಿ ಕುದಿಯುತ್ತಿದ್ದ ಯೂದಾಯದಲ್ಲಿ, ಅನ್ಯರೊಂದಿಗೆ ಬೆರೆಯುವವನು ಎಂಬ ಹೆಸರು ಅಪಾಯಕರವೂ ಆಗಿದ್ದಿತು. ಪೌಲನ ಎದುರಾಳಿಗಳು ದೇವರ ಆಜ್ಞೆಯನ್ನು ಕಾಯುತ್ತಿದ್ದೇವೆಂದೇ ನಂಬಿದ್ದರು. ಕೆಲವು ವರ್ಷಗಳ ಹಿಂದೆ ಅವನೂ ಅದನ್ನೇ ನಂಬಿದ್ದನು.

ಕ್ರಿ. ಶ. 48 ಅಥವಾ 49ರಲ್ಲಿ ಪೌಲನೂ ಬಾರ್ನಬನೂ ಯೆರೂಸಲೇಮಿಗೆ ಹೋಗಿ ಯಾಕೋಬ, ಪೇತ್ರ, ಯೋಹಾನರೆಂಬ ಸ್ತಂಭಪ್ರಾಯರಾದ ಹಿರಿಯರನ್ನು ಕಂಡರು. ಪೌಲನು ತನ್ನ ಸಂಗಡ ತೀತನೆಂಬ ಗ್ರೀಕನನ್ನು ಬೇಕೆಂದೇ ಕರೆದೊಯ್ದಿದ್ದನು. ಚರ್ಚೆಯೆಲ್ಲವೂ ತತ್ತ್ವದ ಮಟ್ಟದಲ್ಲಿ ಹಾರಿಹೋಗದಂತೆ, ಸುನ್ನತಿಯಿಲ್ಲದ ಒಬ್ಬ ಸಜ್ಜನನನ್ನು ಎದುರಿಗೆ ಕೂರಿಸಿ, ಇವನನ್ನು ಏನು ಮಾಡುವಿರಿ ಎಂದು ಕೇಳಿದಂತಾಯಿತು. ತೀತನಿಗೆ ಯಾರೂ ಸುನ್ನತಿ ಮಾಡಿಸಲಿಲ್ಲ. ಹಿರಿಯರು ಬಲಗೈ ನೀಡಿ ಒಪ್ಪಂದ ಮಾಡಿಕೊಂಡರು: ಪೇತ್ರನು ಸುನ್ನತಿಯವರ ಬಳಿಗೆ, ಪೌಲನು ಅನ್ಯಜನರ ಬಳಿಗೆ. ಯೆರೂಸಲೇಮಿನ ಬಡವರನ್ನು ನೆನೆಯಬೇಕೆಂಬುದೊಂದೇ ಅವರ ಬೇಡಿಕೆ. ಕೃತ್ಯಗಳ ಗ್ರಂಥವು ಇದರ ಸಂಗಡ ಇನ್ನೊಂದು ನಿರ್ಣಯವನ್ನೂ ಹೇಳುತ್ತದೆ. ಅನ್ಯಜನರು ವಿಗ್ರಹಕ್ಕರ್ಪಿಸಿದ ಪದಾರ್ಥ, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ ಇವುಗಳನ್ನು ವರ್ಜಿಸಬೇಕೆಂಬುದು ಅದರ ಸಾರ. ಪೌಲನ ಪತ್ರಗಳಲ್ಲಿ ಇಂತಹ ನಿರ್ಣಯದ ಸೊಲ್ಲೇ ಇಲ್ಲ.

ಒಪ್ಪಂದವು ಬಾಗಿಲನ್ನು ತೆರೆಯಿತೇ ಹೊರತು ಊಟದ ಪಂಕ್ತಿಯ ವಿಷಯವನ್ನು ಇತ್ಯರ್ಥಗೊಳಿಸಲಿಲ್ಲ. ಆ ಕಾಲದಲ್ಲಿ ಕ್ರಿಸ್ತನ ಸ್ಮರಣೆಯ ರೊಟ್ಟಿಯನ್ನು ಮುರಿಯುತ್ತಿದ್ದುದು ನಿಜವಾದ ಭೋಜನದ ನಡುವೆ. ಪಂಕ್ತಿಯು ಒಡೆದರೆ ಸಭೆಯೇ ಒಡೆದಂತೆ. ಪೇತ್ರನು ಅಂತಿಯೋಕ್ಯಕ್ಕೆ ಬಂದಾಗ ಮೊದಮೊದಲು ಗ್ರೀಕರ ಸಂಗಡ ನಿಸ್ಸಂಕೋಚವಾಗಿ ಉಣ್ಣುತ್ತಿದ್ದನು. ಯಾಕೋಬನ ಕಡೆಯಿಂದ ಕೆಲವರು ಬಂದ ಬಳಿಕ ಮೆಲ್ಲನೆ ಹಿಂದೆಗೆದು ಬೇರೆ ಕುಳಿತನು. ಉಳಿದ ಯೆಹೂದ್ಯರೂ ಅವನನ್ನು ಹಿಂಬಾಲಿಸಿದರು. ಬಾರ್ನಬನೂ ಎದ್ದುಹೋದನು, ತಾರ್ಸಕ್ಕೆ ಬಂದು ಹುಡುಕಿ ಕರೆತಂದಿದ್ದ ಬಾರ್ನಬನು, ಲುಸ್ತ್ರದಲ್ಲಿ ಜೊತೆಯಲ್ಲಿದ್ದ ಬಾರ್ನಬನು. ಪೌಲನು ಎಲ್ಲರೆದುರಿಗೆ ಪೇತ್ರನನ್ನು ಮುಖಾಮುಖಿಯಾಗಿ ಖಂಡಿಸಿದನು. ಯೆಹೂದ್ಯನಾದ ನೀನೇ ಅನ್ಯಜನರಂತೆ ಬಾಳಿ, ಈಗ ಅನ್ಯಜನರು ಯೆಹೂದ್ಯರಂತೆ ಬಾಳಬೇಕೆಂದು ಬಲವಂತಪಡಿಸುವುದು ಹೇಗೆ ಎಂಬುದು ಅವನ ಆಕ್ಷೇಪದ ತಾತ್ಪರ್ಯ. ಪೇತ್ರನು ಗ್ರೀಕರಿಗೆ ಬಾಯಿಬಿಟ್ಟು ಏನನ್ನೂ ಹೇಳಿರಲಿಲ್ಲವೆಂಬುದು ನಿಜ. ಆದರೆ ಹಿರಿಯನೊಬ್ಬನು ಪಂಕ್ತಿಯಿಂದ ಎದ್ದುಹೋದ ಮೇಲೆ ಉಳಿದವರಿಗೆ ಮಾತು ಬೇಕೇ?

ಈ ವಿವಾದದಲ್ಲಿ ಯಾರು ಗೆದ್ದರು? ಪೇತ್ರನು ತಪ್ಪೊಪ್ಪಿಕೊಂಡನೆಂದು ಪೌಲನು ಎಲ್ಲಿಯೂ ಬರೆದಿಲ್ಲ, ಮತ್ತು ಗೆದ್ದಿದ್ದರೆ ಹೇಳದೆ ಬಿಡುವ ಸ್ವಭಾವ ಅವನದಲ್ಲ. ಪ್ರಾಯಶಃ ಅಂದು ಅವನು ಸೋತನು. ಬಾರ್ನಬನಿಂದ ಅಗಲಿ, ಸೀಲನೆಂಬ ಹೊಸ ಸಂಗಡಿಗನೊಡನೆ ಪಶ್ಚಿಮಕ್ಕೆ ಹೊರಟನು. ದಾರಿಯಲ್ಲಿ ಲುಸ್ತ್ರದ ಯುವಕನಾದ ತಿಮೊಥೆಯನನ್ನು ಸೇರಿಸಿಕೊಂಡನು. ಇವನ ತಂದೆ ಗ್ರೀಕನು, ತಾಯಿ ಯೆಹೂದ್ಯಳು. ಪೌಲನು ಇವನಿಗೆ ತಾನೇ ಸುನ್ನತಿ ಮಾಡಿಸಿದನೆಂದು ಕೃತ್ಯಗಳಲ್ಲಿದೆ. ತೀತನಿಗೆ ಬೇಡವೆಂದು ಹೋರಾಡಿದವನು ತಿಮೊಥೆಯನಿಗೆ ಮಾಡಿಸಿದುದೇಕೆಂದು ಹಲವರು ಹುಬ್ಬೇರಿಸಿದ್ದಾರೆ. ನಮಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಯೆಹೂದ್ಯನು ಯೆಹೂದ್ಯನಾಗಿರುವುದಕ್ಕೆ ಪೌಲನ ಅಡ್ಡಿಯಿರಲಿಲ್ಲ. ಗ್ರೀಕನು ರಕ್ಷಣೆಗಾಗಿ ಯೆಹೂದ್ಯನಾಗಲೇಬೇಕೆಂದರೆ ಮಾತ್ರ ಅವನು ಸಿಡಿದೇಳುತ್ತಿದ್ದನು.

ಹಾಗೆ ಸಿಡಿದೆದ್ದ ಬರಹವೇ ಗಲಾತ್ಯದವರಿಗೆ ಬರೆದ ಪತ್ರ. ಅವನು ಸ್ಥಾಪಿಸಿದ ಸಭೆಗಳಿಗೆ ಹಿಂದೆಯೇ ಬೇರೆ ಉಪದೇಶಕರು ಹೋಗಿ, ಪೌಲನು ಅರ್ಧವನ್ನು ಮಾತ್ರ ಹೇಳಿದ್ದಾನೆ, ಸುನ್ನತಿಯಾದರೆ ಮಾತ್ರ ಪೂರ್ಣವೆಂದು ಬೋಧಿಸಿದ್ದರು. ಪೌಲನು ತನ್ನ ಇತರ ಪತ್ರಗಳಲ್ಲಿ ವಾಡಿಕೆಯಾಗಿ ಬರೆಯುವ ಕೃತಜ್ಞತೆಯ ಮಾತನ್ನೂ ಬಿಟ್ಟು ನೇರವಾಗಿ ಗದರಿಕೆಯಿಂದಲೇ ಆರಂಭಿಸುತ್ತಾನೆ. ಆ ಉಪದೇಶಕರ ವಿಷಯವಾಗಿ ಅವನು ಒಂದೆಡೆ ಮಾಡಿರುವ ಹಾರೈಕೆಯನ್ನು ಕುಟುಂಬಗಳು ಓದುವ ಪತ್ರಿಕೆಯಲ್ಲಿ ಮುದ್ರಿಸುವಂತಿಲ್ಲ. ಆದರೆ ಕೋಪದ ನಡುವೆಯೂ ತರ್ಕವು ಬಿಗಿಯಾಗಿದೆ. ಅಬ್ರಹಾಮನು ದೇವರನ್ನು ನಂಬಿ ನೀತಿವಂತನೆನಿಸಿಕೊಂಡುದು ಮೊದಲು. ಧರ್ಮಶಾಸ್ತ್ರವು ಬಂದುದು ನಾನೂರ ಮೂವತ್ತು ವರ್ಷಗಳ ತರುವಾಯ. ಮೊದಲು ಮಾಡಿದ ವಾಗ್ದಾನವನ್ನು ಅನಂತರ ಬಂದ ವಿಧಿಯು ರದ್ದುಪಡಿಸಲಾರದು. ಅಬ್ರಹಾಮನ ಮೂಲಕ ಸಕಲ ಜನಾಂಗಗಳಿಗೂ ಆಶೀರ್ವಾದವೆಂಬುದೇ ಆ ವಾಗ್ದಾನವಾಗಿತ್ತಲ್ಲವೇ? ಆದುದರಿಂದ ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕರೆಂದಾಗಲಿ, ದಾಸ ಸ್ವತಂತ್ರರೆಂದಾಗಲಿ, ಗಂಡು ಹೆಣ್ಣೆಂದಾಗಲಿ ಭೇದವಿಲ್ಲವೆಂಬುದು ಅವನ ಸಿದ್ಧಾಂತ. ಪತ್ರದ ಕೊನೆಯಲ್ಲಿ ಲಿಪಿಕಾರನಿಂದ ಲೇಖನಿಯನ್ನು ತಾನೇ ತೆಗೆದುಕೊಂಡು ದಪ್ಪ ದಪ್ಪ ಅಕ್ಷರಗಳಲ್ಲಿ ಬರೆದಿದ್ದೇನೆಂದು ಹೇಳುತ್ತಾನೆ.

ಹದಿನಾರನೆಯ ಶತಮಾನದಲ್ಲಿ ಲೂಥರನು ಈ ಪತ್ರವನ್ನು ಓದಿದಾಗ ಅವನಿಗೆ ಕಂಡುದು, ಪುಣ್ಯಕಾರ್ಯಗಳಿಂದ ಮುಕ್ತಿಯೋ ದೇವರ ಕೃಪೆಯಿಂದ ಮುಕ್ತಿಯೋ ಎಂಬ ಪ್ರಶ್ನೆ. ಬಹುಕಾಲ ಎಲ್ಲರೂ ಹಾಗೆಯೇ ಓದಿದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್, ಅಮೆರಿಕದ ಇ. ಪಿ. ಸ್ಯಾಂಡರ್ಸ್ ಮೊದಲಾದವರು, ಪೌಲನನ್ನು ಕಾಡಿದುದು ತನ್ನ ಅಂತರಾತ್ಮದ ಪಾಪಭೀತಿಗಿಂತಲೂ ಹೆಚ್ಚಾಗಿ ಅನ್ಯಜನರ ಪ್ರವೇಶದ ಪ್ರಶ್ನೆಯೆಂದು ತೋರಿಸಿದರು. ಅಂತಿಯೋಕ್ಯದ ಆ ಪಂಕ್ತಿಯನ್ನು ನೆನೆದರೆ ಈ ಮಾತು ಸರಿಯೆನಿಸುತ್ತದೆ.

ಪೌಲನು ಸಮುದ್ರವನ್ನು ದಾಟಿ ಮಕೆದೋನ್ಯಕ್ಕೆ ಹೋದನು. ಫಿಲಿಪ್ಪಿಯಲ್ಲಿ ಅವನ ಮಾತಿಗೆ ಮೊದಲು ಕಿವಿಗೊಟ್ಟವಳು ಲುದ್ಯಳೆಂಬ ಊದಾಬಣ್ಣದ ಬಟ್ಟೆಯ ವ್ಯಾಪಾರಿ; ಇವಳೂ ದೇವಭಕ್ತರಲ್ಲಿ ಒಬ್ಬಳು. ಅಲ್ಲಿ ಚಡಿಯೇಟು, ಸೆರೆಮನೆ, ಥೆಸಲೋನಿಕದಲ್ಲಿ ಗಲಭೆ, ಅಥೆನ್ಸಿನಲ್ಲಿ ತತ್ತ್ವಜ್ಞಾನಿಗಳ ನಗೆ. ಕೊರಿಂಥದಲ್ಲಿ ರೋಮಿನಿಂದ ಹೊರಹಾಕಲ್ಪಟ್ಟಿದ್ದ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಯೆಹೂದ್ಯ ದಂಪತಿಗಳ ಸಂಗಡ ಡೇರೆ ಹೊಲಿಯುತ್ತ ಒಂದೂವರೆ ವರ್ಷ ಕಳೆದನು. ಅಲ್ಲಿಯ ಯೆಹೂದ್ಯರು ಅವನನ್ನು ಪ್ರಾಂತಾಧಿಪತಿಯಾದ ಗಲ್ಲಿಯೋನನ ನ್ಯಾಯಾಸನದ ಮುಂದೆ ತಂದರು. ಇದು ನಿಮ್ಮ ಮನೆಯ ಜಗಳವೆಂದು ಗಲ್ಲಿಯೋನನು ಎಲ್ಲರನ್ನೂ ಅಟ್ಟಿಬಿಟ್ಟನು. ಈತನು ತತ್ತ್ವಜ್ಞಾನಿಯಾದ ಸೆನೆಕನ ಅಣ್ಣ. ಡೆಲ್ಫಿಯಲ್ಲಿ ದೊರೆತ, ಚಕ್ರವರ್ತಿ ಕ್ಲೌದ್ಯನ ಪತ್ರವುಳ್ಳ ಶಾಸನದ ತುಣುಕುಗಳಲ್ಲಿ ಇವನ ಹೆಸರಿರುವುದರಿಂದ ಅವನ ಅಧಿಕಾರಾವಧಿಯು ಕ್ರಿ. ಶ. 51–52ರ ಸುಮಾರಿನದೆಂದು ನಿರ್ಧಾರವಾಗಿದೆ. ಪೌಲನ ಜೀವನದ ಉಳಿದ ಕಾಲಗಣನೆಯೆಲ್ಲವೂ ಈ ಒಂದು ಗೂಟಕ್ಕೆ ಕಟ್ಟಿದುದು.

ತಾನು ಐದು ಸಲ ಯೆಹೂದ್ಯರಿಂದ ಒಂದು ಕಡಿಮೆ ನಲವತ್ತು ಏಟುಗಳನ್ನು ತಿಂದೆನೆಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಓದುಗರು ಇದನ್ನು ಅವನ ಕಷ್ಟಗಳ ಪಟ್ಟಿಯಲ್ಲಿ ಒಂದೆಂದು ದಾಟಿಹೋಗುತ್ತಾರೆ. ಆದರೆ ಅದು ಸಭಾಮಂದಿರವು ತನ್ನ ಸದಸ್ಯನಿಗೆ ವಿಧಿಸುವ ಶಿಕ್ಷೆ. ನಾನು ನಿಮ್ಮವನಲ್ಲವೆಂದು ಹೇಳಿ ಹೊರನಡೆದಿದ್ದರೆ ಆ ಏಟುಗಳು ಬೀಳುತ್ತಿರಲಿಲ್ಲ. ಅವನು ಐದು ಬಾರಿ ಬೆನ್ನನ್ನೊಡ್ಡಿದನು. ತನ್ನ ಜನರನ್ನು ಬಿಟ್ಟುಹೋದನೆಂದು ಅವನ ಮೇಲೆ ಅಂದೂ ಇಂದೂ ಹೊರಿಸುವ ಅಪವಾದಕ್ಕೆ ಇದಕ್ಕಿಂತ ಬಲವಾದ ಉತ್ತರವನ್ನು ನಾವು ಕಾಣೆವು.

ಮೂರನೆಯ ಸಂಚಾರದಲ್ಲಿ ಎಫೆಸವನ್ನು ಕೇಂದ್ರವಾಗಿಟ್ಟುಕೊಂಡು ಅವನು ಕೈಗೊಂಡ ಮುಖ್ಯ ಕಾರ್ಯವು ಧನಸಂಗ್ರಹ. ಯೆರೂಸಲೇಮಿನ ಬಡವರನ್ನು ನೆನೆಯುವೆನೆಂದು ಕೊಟ್ಟ ಮಾತನ್ನು ಅವನು ಮರೆತಿರಲಿಲ್ಲ. ಗಲಾತ್ಯ, ಮಕೆದೋನ್ಯ, ಅಖಾಯಗಳ ಅನ್ಯಜನ ಸಭೆಗಳಲ್ಲಿ ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ಕೈಲಾದಷ್ಟನ್ನು ಎತ್ತಿಡಬೇಕೆಂದು ಏರ್ಪಡಿಸಿದನು. ಯೆಹೂದ್ಯರ ಆತ್ಮಿಕ ಸಂಪತ್ತಿನಲ್ಲಿ ಪಾಲು ಪಡೆದವರು ತಮ್ಮ ಲೌಕಿಕ ಸಂಪತ್ತಿನಿಂದ ಆ ಋಣವನ್ನು ಸಲ್ಲಿಸಬೇಕೆಂಬುದು ಅವನ ಲೆಕ್ಕ. ಸುನ್ನತಿಯಿಲ್ಲದವರ ಕೈಯ ಕಾಣಿಕೆಯನ್ನು ಯೆರೂಸಲೇಮು ಸ್ವೀಕರಿಸಿದರೆ ಅವರನ್ನೇ ಸ್ವೀಕರಿಸಿದಂತೆ. ಆದರೆ ಸ್ವೀಕರಿಸುವರೇ ಎಂಬ ಅಳುಕೂ ಅವನಿಗಿತ್ತು. ಕ್ರಿ. ಶ. 57ರ ಸುಮಾರಿಗೆ ಕೊರಿಂಥದಿಂದ ರೋಮಿನ ಭಕ್ತರಿಗೆ ಬರೆದ ದೀರ್ಘ ಪತ್ರದಲ್ಲಿ, ಈ ಸೇವೆಯು ಅಲ್ಲಿನವರಿಗೆ ಒಪ್ಪಿಗೆಯಾಗಲೆಂದು ಪ್ರಾರ್ಥಿಸಿರೆಂದು ಬೇಡಿಕೊಂಡಿದ್ದಾನೆ.

ಆ ಪತ್ರದಲ್ಲಿ ಗಲಾತ್ಯದ ಕೋಪವಿಲ್ಲ, ಆಳವಾದ ದುಃಖವಿದೆ. ತನ್ನ ಸ್ವಜನರಲ್ಲಿ ಬಹುಮಂದಿ ಕ್ರಿಸ್ತನನ್ನು ಒಪ್ಪಲಿಲ್ಲವೆಂಬ ವ್ಯಥೆಯಿಂದ, ಅವರಿಗಾಗಿ ತಾನೇ ಶಾಪಗ್ರಸ್ತನಾದರೂ ಆಗಲಿ ಎಂಬಷ್ಟು ದೂರ ಹೋಗುತ್ತಾನೆ. ಬಳಿಕ ಎಣ್ಣೆಮರದ ದೃಷ್ಟಾಂತವನ್ನು ತೆಗೆಯುತ್ತಾನೆ. ಇಸ್ರಾಯೇಲು ಊರೊಳಗಿನ ಮರ. ಅದರ ಕೆಲವು ಕೊಂಬೆಗಳು ಮುರಿದಿವೆ. ಕಾಡು ಎಣ್ಣೆಮರದ ಕೊಂಬೆಗಳಾದ ಅನ್ಯಜನರನ್ನು ಆ ಜಾಗದಲ್ಲಿ ಕಸಿಮಾಡಿದೆ. ತೋಟಗಾರರು ಸಾಮಾನ್ಯವಾಗಿ ಮಾಡುವುದು ಇದಕ್ಕೆ ವಿರುದ್ಧ; ಇದು ಪ್ರಕೃತಿಗೆ ವಿರುದ್ಧವೆಂಬುದನ್ನು ಪೌಲನೇ ಒಪ್ಪುತ್ತಾನೆ. ಕಸಿಯಾದ ಕೊಂಬೆಗಳು ಮುರಿದವುಗಳ ಮೇಲೆ ಜಂಭಪಡಬಾರದು, ಬೇರನ್ನು ಹೊತ್ತಿರುವುದು ಕೊಂಬೆಯಲ್ಲ, ಕೊಂಬೆಯನ್ನು ಹೊತ್ತಿರುವುದು ಬೇರು ಎಂದು ಅನ್ಯಜನರಿಗೇ ಎಚ್ಚರಿಕೆ ಕೊಡುತ್ತಾನೆ. ಒಳಗೆ ಬಂದವರು ಒಂದು ದಿನ ಬಾಗಿಲನ್ನು ಒಳಗಿನಿಂದ ಮುಚ್ಚಿಬಿಡುವರೆಂಬ ಭಯವು ಅವನಿಗೆ ಆಗಲೇ ಹೊಳೆದಿತ್ತೆನ್ನಬೇಕು. ಮುಂದೆ ಯೂರೋಪಿನ ಕ್ರೈಸ್ತ ರಾಜ್ಯಗಳು ಯೆಹೂದ್ಯರಿಗೆ ಕೊಟ್ಟ ಹಿಂಸೆಯ ಶತಮಾನಗಳಲ್ಲಿ ಆ ಎಚ್ಚರಿಕೆಗೆ ಕಿವಿಗೊಟ್ಟವರು ವಿರಳ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಯೆಹೂದ್ಯರ ವಿಷಯವಾಗಿ ತನ್ನ ನಿಲುವನ್ನು ತಿದ್ದಿಕೊಂಡಾಗ ಆಶ್ರಯಿಸಿದುದು ಇದೇ ಎಣ್ಣೆಮರವನ್ನು.

ಕಾಣಿಕೆಯ ಹಣದೊಡನೆ, ಅನ್ಯಜನ ಸಭೆಗಳ ಪ್ರತಿನಿಧಿಗಳೊಡನೆ ಪೌಲನು ಯೆರೂಸಲೇಮನ್ನು ಸೇರಿದನು. ಹಣವನ್ನು ಹಿರಿಯರು ಹೇಗೆ ಬರಮಾಡಿಕೊಂಡರೆಂಬುದನ್ನು ಕೃತ್ಯಗಳ ಲೇಖಕನು ಹೇಳುವುದಿಲ್ಲ. ಪೌಲನು ಯೆಹೂದ್ಯರಿಗೆ ಮೋಶೆಯನ್ನು ತ್ಯಜಿಸಲು ಕಲಿಸುತ್ತಾನೆಂಬ ವದಂತಿಯು ಹಬ್ಬಿರುವುದರಿಂದ, ಹರಕೆ ಹೊತ್ತ ನಾಲ್ವರ ವೆಚ್ಚವನ್ನು ಕೊಟ್ಟು ಅವರೊಡನೆ ದೇವಾಲಯದಲ್ಲಿ ಶುದ್ಧಾಚಾರವನ್ನು ನೆರವೇರಿಸಬೇಕೆಂದು ಯಾಕೋಬನೂ ಹಿರಿಯರೂ ಸಲಹೆಯಿತ್ತರು. ಪೌಲನು ಒಪ್ಪಿದನು.

ಆ ದೇವಾಲಯದ ಹೊರ ಅಂಗಳಕ್ಕೆ ಯಾರಾದರೂ ಬರಬಹುದಾಗಿದ್ದಿತು. ಒಳ ಅಂಗಳಗಳ ಸುತ್ತಲೂ ಮೂರು ಮೊಳ ಎತ್ತರದ ಕಲ್ಲಿನ ತಡೆಗೋಡೆಯಿತ್ತೆಂದೂ, ಅದರ ಮೇಲೆ ಅಲ್ಲಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಎಚ್ಚರಿಕೆಯ ಫಲಕಗಳಿದ್ದುವೆಂದೂ ಇತಿಹಾಸಕಾರನಾದ ಜೋಸೀಫಸನು ಬರೆದಿದ್ದಾನೆ. ಅಂತಹ ಒಂದು ಗ್ರೀಕ್ ಫಲಕವನ್ನು 1871ರಲ್ಲಿ ಫ್ರೆಂಚ್ ವಿದ್ವಾಂಸನಾದ ಕ್ಲೆರ್ಮಾಂ ಗಾನೋ ಕಂಡುಹಿಡಿದನು. ಅದು ಈಗ ಇಸ್ತಾಂಬೂಲಿನ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದರ ತುಣುಕು 1935ರಲ್ಲಿ ದೊರೆಯಿತು. ಬೇರೆ ಜನಾಂಗದವನು ಈ ಗೋಡೆಯನ್ನು ದಾಟಿದರೆ ತನ್ನ ಸಾವಿಗೆ ತಾನೇ ಹೊಣೆಯೆಂಬುದು ಅದರ ಅರ್ಥ. ಎಫೆಸದ ತ್ರೊಫಿಮನೆಂಬ ಗ್ರೀಕನನ್ನು ಪೌಲನೊಡನೆ ಪೇಟೆಯಲ್ಲಿ ಕಂಡಿದ್ದ ಏಷ್ಯಾಪ್ರಾಂತದ ಕೆಲವು ಯೆಹೂದ್ಯರು, ಅವನನ್ನು ಒಳಕ್ಕೂ ಕರೆತಂದಿದ್ದಾನೆಂದು ಭಾವಿಸಿ ಕೂಗೆಬ್ಬಿಸಿದರು. ಪಟ್ಟಣವೆಲ್ಲ ಕದಲಿತು. ಪೌಲನನ್ನು ದೇವಾಲಯದಿಂದ ಹೊರಗೆಳೆದು ಬಾಗಿಲುಗಳನ್ನು ಮುಚ್ಚಿದರು. ಅನ್ಯಜನರು ಸುನ್ನತಿಯಿಲ್ಲದೆ ದೇವರ ಜನರಾಗಬಹುದೆಂದು ಇಪ್ಪತ್ತು ವರ್ಷ ಸಾರಿದವನು, ತಾನು ಶಾಸ್ತ್ರೋಕ್ತವಾದ ಆಚಾರವೊಂದನ್ನು ನಡೆಸುತ್ತಿರುವಾಗ, ಮಾಡದ ಒಂದು ಅತಿಕ್ರಮಣಕ್ಕಾಗಿ ಹಿಡಿಯಲ್ಪಟ್ಟನು.

ರೋಮನ್ ಸಹಸ್ರಾಧಿಪತಿಯು ಸಿಪಾಯಿಗಳೊಡನೆ ಓಡಿಬಂದು ಅವನನ್ನು ಜನರ ಕೈಯಿಂದ ಬಿಡಿಸಿ ಸರಪಣಿ ತೊಡಿಸಿದನು. ಕೋಟೆಯ ಮೆಟ್ಟಿಲುಗಳ ಮೇಲೆ ನಿಂತು ಪೌಲನು ಜನರ ಭಾಷೆಯಲ್ಲಿಯೇ ಮಾತನಾಡತೊಡಗಿದಾಗ ಗದ್ದಲವು ಅಡಗಿತು. ತನ್ನ ಹುಟ್ಟು, ಗುರುಕುಲ, ಹಿಂಸೆಯ ದಿನಗಳು, ದಮಸ್ಕದ ದಾರಿ, ಯೇಸುವಿನ ವಾಣಿ, ಎಲ್ಲವನ್ನೂ ಅವರು ಮೌನವಾಗಿ ಕೇಳಿದರು. ಕ್ರಿಸ್ತನ ಹೆಸರೂ ಅವರನ್ನು ಕೆರಳಿಸಲಿಲ್ಲ. ತನ್ನನ್ನು ದೂರದಲ್ಲಿರುವ ಅನ್ಯಜನರ ಬಳಿಗೆ ಕಳುಹಿಸಲಾಯಿತೆಂಬ ಮಾತು ಬಂದೊಡನೆ ಬಟ್ಟೆಗಳನ್ನು ಒದರಿ, ಧೂಳನ್ನು ಎರಚಿ, ಇವನು ಬದುಕತಕ್ಕವನಲ್ಲವೆಂದು ಅರಚಿದರು.

ಕೈಸರೈಯದಲ್ಲಿ ಎರಡು ವರ್ಷ ಸೆರೆಯಲ್ಲಿದ್ದನು. ದೇಶಾಧಿಪತಿಯಾದ ಫೆಲಿಕ್ಸನು ಲಂಚದ ಆಸೆಯಿಂದ ತೀರ್ಪನ್ನು ತಡೆದನು. ಅವನ ತರುವಾಯ ಬಂದ ಫೆಸ್ತನು ಪುನಃ ಯೆರೂಸಲೇಮಿನಲ್ಲಿ ವಿಚಾರಣೆಯೆಂದಾಗ ಪೌಲನು ಚಕ್ರವರ್ತಿಗೇ ಮನವಿ ಸಲ್ಲಿಸಿದನು. ಹಡಗು ಮಾಲ್ಟಾ ದ್ವೀಪದ ಬಳಿ ಒಡೆದು, ಜೀವ ಉಳಿಸಿಕೊಂಡು, ಕ್ರಿ. ಶ. 60ರ ಸುಮಾರಿಗೆ ರೋಮಾಪುರಕ್ಕೆ ಬಂದನು. ಬಂದ ಮೂರನೆಯ ದಿನ ಅವನು ಹೇಳಿಕಳುಹಿಸಿ ಕರೆಸಿದುದು ಊರಿನ ಯೆಹೂದ್ಯ ಮುಖಂಡರನ್ನು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಬಾಡಿಗೆಯ ಮನೆಯಲ್ಲಿ ಎರಡು ವರ್ಷ ಕಾವಲಿನಲ್ಲಿದ್ದುಕೊಂಡು, ಬಂದವರೆಲ್ಲರನ್ನೂ ಒಳಕ್ಕೆ ಕರೆದು ಮಾತನಾಡುತ್ತಿದ್ದನೆಂದು ಹೇಳಿ ಕೃತ್ಯಗಳ ಗ್ರಂಥವು ಮುಗಿದುಬಿಡುತ್ತದೆ.

ನೀರೋ ಚಕ್ರವರ್ತಿಯ ಕಾಲದಲ್ಲಿ, 64ರಿಂದ 67ರ ನಡುವೆ, ಅವನ ಶಿರಚ್ಛೇದವಾಯಿತೆಂದು ಸಂಪ್ರದಾಯವಿದೆ. ಓಸ್ತಿಯ ಬಂದರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ಹಳೆಯ ನಗರದ ಗಡಿಯಾಚೆ, ಅವನ ಸಮಾಧಿಯೆಂದು ಪೂಜಿಸಲ್ಪಡುವ ಸ್ಥಳದ ಮೇಲೆ ದೇವಾಲಯವೊಂದಿದೆ. ಅದರ ನೆಲದಡಿಯ ಕಲ್ಲಿನ ಶವಪೆಟ್ಟಿಗೆಯನ್ನು ಪರೀಕ್ಷಿಸಿದಾಗ ದೊರೆತ ಎಲುಬಿನ ತುಣುಕುಗಳು ಒಂದನೆಯ ಅಥವಾ ಎರಡನೆಯ ಶತಮಾನದ ವ್ಯಕ್ತಿಯವೆಂದು 2009ರಲ್ಲಿ ಪ್ರಕಟಿಸಲಾಯಿತು. ಆ ದೇವಾಲಯಕ್ಕೆ ಇಂದಿಗೂ ಗೋಡೆಗಳ ಹೊರಗಣ ಸಂತ ಪೌಲನ ದೇವಾಲಯವೆಂದೇ ಹೆಸರು.